ಕಾಕಾನ ಮೋಟರ್ ಡಬ್ಬಿ ಮತ್ತು 47 ವಾರ್ನಿಂಗ್

"ಕರೆಂಟ್ ಹೋಗಿ ಬಂದ್ರ ಸಾಕು, ನಿನ್ನ ಡಬ್ಬಿ ಎಲ್ಲಾ ಮರ್ತು ಬಿಡ್ತೈತಿ ನೋಡಪಾ."

ಕಾಕಾ ಇದನ್ನು ಹೇಳಲು ಶುರು ಮಾಡಿ ಎರಡು ವರ್ಷ ಆಗಿತ್ತು. ಪ್ರತಿ ಸಲ ನಾನು "ನೋಡ್ತೀನಿ ಕಾಕಾ" ಅನ್ನುತ್ತಿದ್ದೆ. ಈ ಏಪ್ರಿಲ್‌ನಲ್ಲಿ ವಿಜಯಪುರಕ್ಕೆ ಹೋದಾಗ ಕೊನೆಗೂ ಸರಿಯಾಗಿ ನೋಡಿದೆ. ತಪ್ಪು ಸಿಕ್ಕಿತು. ಒಂದು ಸಾಲಿನ ತಪ್ಪು. ನಾವು ಬರೆದ ಕೋಡನ್ನು ಚಿಪ್‌ನ ಭಾಷೆಗೆ ತಿರುಗಿಸುವ ಕಂಪೈಲರ್ ಅದನ್ನು ಮೊದಲ ದಿನದಿಂದಲೇ ಹೇಳುತ್ತಿತ್ತು. ಅದರ ಬಾಯಿ ಮುಚ್ಚಿಸಿದವನು ನಾನೇ.

ಮೊದಲು ಡಬ್ಬಿಯ ವಿಷಯ. ತಿಕೋಟಾ ಕಡೆ ಕಾಕಾನ ದ್ರಾಕ್ಷಿ ಪಡ (ತೋಟ) ಇದೆ. ಅಲ್ಲಿನ ಬೋರ್‌ಗೆ ಏಳೂವರೆ ಎಚ್‌ಪಿಯ ಸಬ್‌ಮರ್ಸಿಬಲ್ ಮೋಟರ್. ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟ್‌ಗೆಂದು ನಾನು ಒಂದು ಕಂಟ್ರೋಲರ್ ಮಾಡಿ ಅದರ ಸ್ಟಾರ್ಟರ್ ಪಕ್ಕ ಕೂರಿಸಿದ್ದೆ. ಒಳಗೆ ಅಟ್‌ಮೆಗಾ328ಪಿ ಚಿಪ್, ಎರಡು ಸಾಲಿನ ಎಲ್‌ಸಿಡಿ, ಮೂರು ಬಟನ್, ಮೋಟರ್ ಎಷ್ಟು ಆಂಪ್ಸ್ ಎಳೆಯುತ್ತದೆ ಎಂದು ಅಳೆಯಲು ಒಂದು ಫೇಸ್ ವೈರಿಗೆ ಹಾಕಿದ ಸಿಟಿ ಕಾಯಿಲ್, ಸ್ಟಾರ್ಟರ್ ಬಂದ್ ಮಾಡಲು ಒಂದು ರಿಲೇ, ಎಸ್ಸೆಮ್ಮೆಸ್ ಕಳಿಸಲು ಒಂದು ಜಿಎಸ್‌ಎಂ ಮಾಡ್ಯೂಲ್. ಕೆಲಸ ಸುಲಭ. ಬೋರ್‌ನಲ್ಲಿ ನೀರಿದ್ದಾಗ ಈ ಮೋಟರ್ ಸುಮಾರು 11 ಆಂಪ್ಸ್ ಎಳೆಯುತ್ತದೆ. ನೀರು ತಳ ಕಂಡರೆ ಲೋಡ್ ಇಲ್ಲ, ಆರೂವರೆಗೆ ಇಳಿಯುತ್ತದೆ. ಲಿಮಿಟ್‌ಗಿಂತ ಕೆಳಗೆ ಐದು ಸೆಕೆಂಡ್ ಇದ್ದರೆ ರಿಲೇ ಬಿಟ್ಟು ಸ್ಟಾರ್ಟರ್ ಬಂದ್ ಆಗಬೇಕು. ಸಬ್‌ಮರ್ಸಿಬಲ್ ಮೋಟರ್‌ಗೆ ಸುತ್ತಲಿನ ನೀರೇ ತಂಪು. ಒಣಗಿ ಓಡಿದರೆ ಸುಡುತ್ತದೆ.

ಲಿಮಿಟ್ ಎಷ್ಟೆಂಬುದನ್ನು ಬಟನ್ ಒತ್ತಿ ಹಾಕಬಹುದು. ಕಾಕಾ 8 ಹಾಕಿದ್ದರು. ಕೋಡ್‌ನಲ್ಲಿ ನಾನು ಮೊದಲೇ ಇಟ್ಟಿದ್ದ ಡಿಫಾಲ್ಟ್ 5. ಕರೆಂಟ್ ಹೋಗಿ ಬಂದರೆ ಡಬ್ಬಿ ಮತ್ತೆ 5 ತೋರಿಸುತ್ತಿತ್ತು. ಒಣ ಮೋಟರ್ ಆರೂವರೆ ಎಳೆಯುತ್ತದೆ, ಲಿಮಿಟ್ 5. ಅಂದರೆ ಡಬ್ಬಿ ಇದ್ದೂ ಇಲ್ಲದಂತೆ. ಹೊಲಕ್ಕೆ ತ್ರೀ ಫೇಸ್ ದಿನವಿಡೀ ಇರುವುದಿಲ್ಲ, ಅಲ್ವಾ? ಹೋಗುವುದು ಬರುವುದು ದಿನದ ಮಾತು. ಪ್ರತಿ ಸಲ ಕಾಕಾ ಟಾರ್ಚ್ ಹಿಡಿದು ಹೋಗಿ ಬಟನ್ ಒತ್ತುತ್ತಿದ್ದರು. ಒಂದು ರಾತ್ರಿ ಮರೆತರು. ಪೈಪೆಲ್ಲ ಮೇಲೆತ್ತಿಸಿ, ಮೋಟರ್ ರಿವೈಂಡಿಂಗ್ ಮಾಡಿಸಬೇಕಾಯಿತು. ಬಿಲ್ ನನಗೆ ತೋರಿಸಲಿಲ್ಲ. ಅದೇ ಹೆಚ್ಚು ಚುಚ್ಚಿತು.

ನಾನು ಸುಮ್ನೆ ಕೂತಿರಲಿಲ್ಲ ಅನ್ನಿ. ಹಿಂದಿನ ಎರಡು ರಜೆಯಲ್ಲೂ ಏನೇನೋ ಮಾಡಿದ್ದೆ. ಕರೆಂಟ್ ಹೋಗುವ ಹೊತ್ತಿಗೆ ವೋಲ್ಟೇಜ್ ಕುಸಿದು ಈಪ್ರಾಮ್ (ಕರೆಂಟ್ ಹೋದರೂ ಮರೆಯದ, ಚಿಪ್ ಒಳಗಿನ ಮೆಮೊರಿ) ಕೆಡುತ್ತಿರಬಹುದು ಎಂದು ಪವರ್ ಸಪ್ಲೈಗೆ ದೊಡ್ಡ ಕೆಪಾಸಿಟರ್ ಹಾಕಿದೆ. ವೋಲ್ಟೇಜ್ ಇಳಿದರೆ ಚಿಪ್ಪನ್ನು ತಡೆದು ನಿಲ್ಲಿಸುವ ಬ್ರೌನ್‌ಔಟ್ ಡಿಟೆಕ್ಟರನ್ನು 4.3 ವೋಲ್ಟ್‌ಗೆ ಇಟ್ಟೆ. ಈ ಚಿಪ್‌ನ ಈಪ್ರಾಮ್ ಒಂದು ಲಕ್ಷ ಸಲ ಬರೆದರೂ ತಡೆಯುತ್ತದೆ ಎಂದು ಗೊತ್ತಿದ್ದರೂ ಒಮ್ಮೆ ಚಿಪ್ಪನ್ನೇ ಬದಲಿಸಿದೆ. ಈ ಸಾಮಾನಿಗೆಂದು ಗಾಂಧಿ ಚೌಕಕ್ಕೆ ನಾಲ್ಕು ಸಲ ಓಡಾಡಿದೆ. ಮೂರು ರಿಪೇರಿಯೂ ತಪ್ಪಲ್ಲ, ಆದರೆ ಒಂದೂ ರೋಗಕ್ಕೆ ಸಂಬಂಧ ಇಲ್ಲ.

ಈ ಸಲ ಮೊದಲು ಈಪ್ರಾಮ್ ಒಳಗೆ ಏನಿದೆ ಎಂದು ಪ್ರೋಗ್ರಾಮರ್ (ಚಿಪ್‌ಗೆ ಕೋಡ್ ಹಾಕುವ ಸಾಧನ) ಚುಚ್ಚಿ ಓದಿಸಿದೆ. 160 ಇತ್ತು. ನನ್ನ ಲೆಕ್ಕದಲ್ಲಿ ಒಂದು ಆಂಪ್‌ಗೆ 20 ಎಣಿಕೆ. ಅಂದರೆ ಕಾಕಾ ಹಾಕಿದ 8 ಆಂಪ್ಸ್ ಅಲ್ಲೇ ಕೂತಿದೆ! ಬರೆಯುವುದು ಸರಿ ಇದೆ. ಓದುವ ಕಡೆಯೇ ಏನೋ ಇದೆ. ಹಾರ್ಡ್‌ವೇರ್ ಬಿಟ್ಟು ಲ್ಯಾಪ್‌ಟಾಪ್ ತೆಗೆದೆ. ಚಾಟ್ನಿ (ಬಳ್ಳಿ ಕತ್ತರಿಸುವ ಕೆಲಸ) ಮುಗಿದು ಪಡದಲ್ಲಿ ಆಳುಗಳೂ ಇರಲಿಲ್ಲ, ಯಾರ ಕಾಟವೂ ಇಲ್ಲ.

ಕಂಪೈಲ್ ಹೇಗೆ ಮಾಡಬೇಕೆಂದು ಬರೆದಿಡುವ ಮೇಕ್‌ಫೈಲ್ ತೆರೆದ ಕೂಡಲೇ ಒಂದು ಅಕ್ಷರ ಕಣ್ಣಿಗೆ ಬಿತ್ತು. ಜಿಸಿಸಿಗೆ (ಅದೇ ನನ್ನ ಕಂಪೈಲರ್) ಕೊಡುವ ಆಪ್ಷನ್‌ಗಳ ಕೊನೆಯಲ್ಲಿ ಡ್ಯಾಶ್, ಅದರ ಮುಂದೆ ಸಣ್ಣ ಡಬ್ಲ್ಯೂ. ದೊಡ್ಡ ಡಬ್ಲ್ಯೂ ಆದರೆ ವಾರ್ನಿಂಗ್ ಕೊಡು ಎಂದು ಅರ್ಥ, ಅದರ ಮುಂದೆ ಯಾವ ವಾರ್ನಿಂಗ್ ಎಂದು ಹೆಸರು ಬರುತ್ತದೆ. ಸಣ್ಣ ಡಬ್ಲ್ಯೂ ಒಂಟಿಯಾಗಿ ಬಂದರೆ ಯಾವ ವಾರ್ನಿಂಗೂ ಬೇಡ, ಬಾಯಿ ಮುಚ್ಚು ಎಂದು. ಯಾಕೆ ಹಾಕಿದ್ದೆ ಎಂಬುದೂ ನೆನಪಾಯಿತು. ವೈವಾ ಹಿಂದಿನ ರಾತ್ರಿ. ಗೈಡ್ ಮುಂದೆ ಕಂಪೈಲ್ ಮಾಡಿ ತೋರಿಸಬೇಕಿತ್ತು. ಸ್ಕ್ರೀನ್ ತುಂಬ ಹಳದಿ ಅಕ್ಷರ ಬಂದರೆ ಮರ್ಯಾದೆ ಹೋಗುತ್ತದೆ ಎಂದು ಹಾಕಿದ್ದೆ. ತೆಗೆಯುವುದು ಮರೆತೇ ಹೋಯಿತು.

ಆ ಅಕ್ಷರ ಅಳಿಸಿ ‘ಡಬ್ಲ್ಯೂ ಆಲ್’ ಮತ್ತು ‘ಡಬ್ಲ್ಯೂ ಎಕ್ಸ್‌ಟ್ರಾ’ ಹಾಕಿ ಮತ್ತೆ ಕಂಪೈಲ್ ಮಾಡಿದೆ. 47 ವಾರ್ನಿಂಗ್. ಮುಕ್ಕಾಲು ಪಾಲು ಒಂದೇ ರಾಗ: ಈ ವೇರಿಯಬಲ್ (ಕೋಡ್‌ನಲ್ಲಿ ಬೆಲೆ ಇಡುವ ಹೆಸರು) ಬಳಸಿಲ್ಲ, ಇದಕ್ಕೆ ಬೆಲೆ ಕೊಟ್ಟಿದ್ದೀರಿ ಆದರೆ ಓದಿಲ್ಲ, ಈ ಪ್ಯಾರಾಮೀಟರ್ (ಕೋಡ್‌ನ ಒಂದು ತುಂಡಿಗೆ, ಅಂದರೆ ಫಂಕ್ಷನ್‌ಗೆ, ಹೊರಗಿನಿಂದ ಕೊಡುವ ಬೆಲೆ) ಬಳಸಿಲ್ಲ. ಶಾಲೆಯ ಟ್ರಿಪ್ ಬಂದಾಗ ಗೋಳಗುಮ್ಮಟದ ಗ್ಯಾಲರಿ ಹತ್ತಿದ್ದೀರಾ? ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೂ ಆ ಕಡೆ ಕೇಳುವ ಜಾಗ ಅದು. ಆದರೆ ನೂರು ಮಕ್ಕಳು ಒಟ್ಟಿಗೆ ಕೂಗುತ್ತಿದ್ದರೆ ಪಕ್ಕದವನ ಮಾತೂ ತಿಳಿಯುವುದಿಲ್ಲ. ನನ್ನ ಸ್ಕ್ರೀನ್ ಹಾಗಿತ್ತು.

ಶನಿವಾರ ರಾತ್ರಿ ನಾನು ಮಾಡಿದ್ದು ಪಕ್ಕಾ ಅವಸರದ ಕೆಲಸ. ಬಳಸದ ವೇರಿಯಬಲ್ ಅಂದರೆ ಕಸ, ಕಸ ಅಂದರೆ ಗುಡಿಸು. ವಾರ್ನಿಂಗ್ ತೋರಿಸಿದ ಸಾಲುಗಳನ್ನು ಒಂದು ಕಡೆಯಿಂದ ಅಳಿಸುತ್ತಾ ಹೋದೆ. ಹತ್ತು ಹನ್ನೆರಡು ಅಳಿಸಿ, ಮನೆಯಲ್ಲಿದ್ದ ಇನ್ನೊಂದು ಬೋರ್ಡ್‌ಗೆ ಹಾಕಿ ನೋಡಿದೆ. ಅರ್ಧ ಸೆಕೆಂಡಿಗೊಮ್ಮೆ ಮಿನುಗಬೇಕಾದ ಎಲ್‌ಇಡಿ ಐದಾರು ಸೆಕೆಂಡಿಗೊಮ್ಮೆ ಕಣ್ಣು ಬಿಡುತ್ತಿತ್ತು. ಬಟನ್ ಒತ್ತಿದರೆ ಉತ್ತರವೇ ಇಲ್ಲ. ಸತ್ತಿಲ್ಲ, ಆದರೆ ಜ್ವರ ಬಂದವರಂತೆ ಎಳೆದಾಡುತ್ತಿದೆ. ಚಿಪ್‌ಗೆ ತಾಳ ಕೊಡುವ ಕ್ರಿಸ್ಟಲ್ ಹೋಯಿತೇನೋ ಎಂದು ಇನ್ನೊಂದನ್ನು ಬೆಸುಗೆ ಹಾಕಿದೆ (ಹಾರ್ಡ್‌ವೇರ್ ಮೇಲೆ ಅನುಮಾನ ಪಡುವ ಚಾಳಿ ಇನ್ನೂ ಹೋಗಿಲ್ಲ). ಏನೂ ಬದಲಾಗಲಿಲ್ಲ.

ಊಟಕ್ಕೆ ಎದ್ದು, ರೊಟ್ಟಿ ಶೇಂಗಾ ಹಿಂಡಿ ತಿನ್ನುತ್ತಾ ಅಳಿಸಿದ ಸಾಲುಗಳನ್ನು ಗಿಟ್‌ನಲ್ಲಿ (ಕೋಡ್‌ನ ಹಳೆಯ ರೂಪ ಉಳಿಸುವ ಪ್ರೋಗ್ರಾಮ್) ಒಂದೊಂದಾಗಿ ನೋಡಿದೆ. ಅಲ್ಲೇ ಇತ್ತು. ಸೀರಿಯಲ್ ಪೋರ್ಟ್‌ಗೆ (ಜಿಎಸ್‌ಎಂ ಮಾಡ್ಯೂಲ್ ಮಾತಾಡುವ ದಾರಿ) ಅಕ್ಷರ ಬಂದಾಗ ಮುಖ್ಯ ಪ್ರೋಗ್ರಾಮ್ ತಡೆದು ಓಡುವ ಇಂಟರಪ್ಟ್ ಒಳಗಿನ ಒಂದೇ ಒಂದು ಸಾಲು. ಕೋಡನ್ನು ನಾವು ಬಾಯಲ್ಲಿ ಹೇಳುವಂತೆಯೇ ಬರೆಯುತ್ತೇನೆ:

ಕ್ಯಾರ್ ಸಿ = ಯುಡಿಆರ್0;

ಜಿಎಸ್‌ಎಂ ಮಾಡ್ಯೂಲ್ ಪ್ರತಿ ಕಮಾಂಡ್‌ಗೂ ‘ಓಕೆ’ ಎಂದು ಉತ್ತರ ಕೊಡುತ್ತದೆ. ಆ ಉತ್ತರ ನನಗೆ ಬೇಡ. ಹಾಗಾಗಿ ಬಂದ ಅಕ್ಷರವನ್ನು ಸಿ ಒಳಗೆ ಹಾಕಿ ಅಲ್ಲೇ ಬಿಟ್ಟಿದ್ದೆ. ಕಂಪೈಲರ್ ಹೇಳಿದ್ದು ಸರಿ, ಸಿ ಯಾರಿಗೂ ಬೇಡ. ಆದರೆ ಸಾಲಿನ ಬಲಗಡೆ ಇರುವುದು ವೇರಿಯಬಲ್ ಅಲ್ಲ, ಚಿಪ್‌ನ ರಿಜಿಸ್ಟರ್, ಬಂದ ಅಕ್ಷರ ಕೂರುವ ಜಾಗ. ಅದನ್ನು ಓದುವುದೇ ಒಂದು ಕೆಲಸ. ಓದಿದಾಗ ಮಾತ್ರ ‘ಅಕ್ಷರ ಬಂದಿದೆ’ ಎಂಬ ಫ್ಲ್ಯಾಗ್ ಇಳಿಯುತ್ತದೆ. ಓದದೆ ಇಂಟರಪ್ಟ್‌ನಿಂದ ಹೊರಬಂದರೆ ಫ್ಲ್ಯಾಗ್ ಹಾಗೇ ಇರುತ್ತದೆ, ಇಂಟರಪ್ಟ್ ಮತ್ತೆ ಕರೆಯುತ್ತದೆ. ಎವಿಆರ್ ಚಿಪ್‌ಗಳಲ್ಲಿ (ನನ್ನದೂ ಅದೇ ಜಾತಿ) ಒಂದು ನಿಯಮ ಇದೆ. ಇಂಟರಪ್ಟ್ ಮುಗಿಸಿ ಬಂದ ಮೇಲೆ, ಇನ್ನೊಂದು ಕಾದಿದ್ದರೂ, ಮುಖ್ಯ ಪ್ರೋಗ್ರಾಮ್‌ನ ಒಂದು ಇನ್‌ಸ್ಟ್ರಕ್ಷನ್ ನಡೆದೇ ನಡೆಯುತ್ತದೆ. ಅದಕ್ಕೇ ಬೋರ್ಡ್ ಪೂರ್ತಿ ನಿಲ್ಲದೆ ಹೆಜ್ಜೆಗೊಂದು ಬಾಗಿಲು ತಟ್ಟಿಸಿಕೊಂಡು ನಡೆಯುತ್ತಿತ್ತು.

ಈಗ ಅದನ್ನು ಹೀಗೆ ಬರೆದಿದ್ದೇನೆ:

(ವಾಯ್ಡ್)ಯುಡಿಆರ್0;

ವಾಯ್ಡ್ ಅಂದರೆ ಬಂದ ಬೆಲೆ ಬೇಡ ಎಂದು. ವೇರಿಯಬಲ್ ಇಲ್ಲ, ಹಾಗಾಗಿ ವಾರ್ನಿಂಗೂ ಇಲ್ಲ. ರಿಜಿಸ್ಟರ್ ವೊಲಟೈಲ್ (ಓದುವುದನ್ನು ಬಿಡುವಂತಿಲ್ಲ) ಎಂದು ಘೋಷಿಸಿರುವುದರಿಂದ ಓದುವ ಕೆಲಸವನ್ನು ಕಂಪೈಲರ್ ಕೈಬಿಡುವುದಿಲ್ಲ. ಪಕ್ಕದಲ್ಲಿ ಒಂದು ಕಾಮೆಂಟ್ ಕೂಡ ಇದೆ, ‘ಓದಲೇಬೇಕು, ಅಳಿಸಬೇಡ’ ಎಂದು. ನನಗೇ ನಾನು ಬರೆದುಕೊಂಡದ್ದು.

ರವಿವಾರ ಬೆಳಿಗ್ಗೆ ಎಲ್ಲ ಹಿಂದಕ್ಕೆ ತಂದು ಮೊದಲಿಂದ ಶುರು ಮಾಡಿದೆ. ಈ ಸಲ ಅಳಿಸುವ ಮುಂಚೆ ಪ್ರತಿಯೊಂದಕ್ಕೂ ಒಂದು ಪ್ರಶ್ನೆ: ಇದನ್ನು ಯಾರು ಬಳಸಬೇಕಿತ್ತು? ಉತ್ತರ ‘ಯಾರೂ ಇಲ್ಲ’ ಎಂದಾದರೆ ಅಳಿಸು. ‘ಇಂಥವರು’ ಎಂದಾದರೆ, ಅವರು ಯಾಕೆ ಬಳಸುತ್ತಿಲ್ಲ ಎಂದು ಹುಡುಕು.

ಸುಲಭದವು ಬೇಗ ಮುಗಿದವು. ಮೆನುವಿನ ಪ್ರತಿ ಪರದೆಗೂ ಒಂದು ಫಂಕ್ಷನ್ ಇದೆ. ಎಲ್ಲವೂ ಒಂದೇ ಟೇಬಲ್‌ನಲ್ಲಿ ಇರುವುದರಿಂದ ಎಲ್ಲಕ್ಕೂ ‘ಕೀ’ ಎಂಬ ಪ್ಯಾರಾಮೀಟರ್ ಬೇಕೇ ಬೇಕು. ಕೆಲವು ಪರದೆ ಸುಮ್ನೆ ತೋರಿಸುತ್ತವೆ, ಬಟನ್ ನೋಡುವುದಿಲ್ಲ. ಅಂಥ ಕಡೆ (ವಾಯ್ಡ್)ಕೀ ಎಂದು ಬರೆದರೆ ಸಾಕು. ಬೇಕೆಂದೇ ಬಿಟ್ಟಿದ್ದೇನೆ ಎಂದು ಓದುವವರಿಗೂ ತಿಳಿಯುತ್ತದೆ, ಕಂಪೈಲರ್‌ಗೂ ತಿಳಿಯುತ್ತದೆ. ಜಿಸಿಸಿಯಲ್ಲಿ ‘ಅನ್‌ಯೂಸ್ಡ್’ ಎಂಬ ಆಟ್ರಿಬ್ಯೂಟ್ ಇದೆ, ಸಿ ಭಾಷೆಯ ಹೊಸ ಆವೃತ್ತಿ ಸಿ23ರಲ್ಲಿ ‘ಮೇಬಿ ಅನ್‌ಯೂಸ್ಡ್’ ಬಂದಿದೆ. ಹೊಸ ಕೋಡ್ ಆದರೆ ಅದೇ ಚೆಂದ. ನನ್ನ ಕಂಪೈಲರ್ ಹಳೆಯದು, ನಾನು ವಾಯ್ಡ್‌ಗೇ ನಿಂತೆ. ಅಂದ ಹಾಗೆ ಈ ಪ್ಯಾರಾಮೀಟರ್ ವಾರ್ನಿಂಗ್ ‘ಡಬ್ಲ್ಯೂ ಆಲ್’ ಒಂದರಿಂದ ಬರುವುದಿಲ್ಲ, ಜೊತೆಗೆ ‘ಎಕ್ಸ್‌ಟ್ರಾ’ ಬೇಕು. ಹೆಸರು ಆಲ್, ಆದರೆ ಎಲ್ಲ ಇಲ್ಲ.

ಇನ್ನು ಕೆಲವು ಡೀಬಗ್ (ತಪ್ಪು ಹುಡುಕುವ) ಸಾಲುಗಳ ಪಾಪ. ಆಂಪ್ಸ್ ಲೆಕ್ಕ ಹಾಕಿ ಒಂದು ವೇರಿಯಬಲ್‌ನಲ್ಲಿ ಇಟ್ಟು, ಅದನ್ನು ಪ್ರಿಂಟ್ ಮಾಡುವ ಸಾಲನ್ನು ‘ಇಫ್‌ಡೆಫ್ ಡೀಬಗ್’ ಒಳಗೆ (ಡೀಬಗ್ ಆನ್ ಇದ್ದರೆ ಮಾತ್ರ ಕಂಪೈಲರ್‌ಗೆ ಕಾಣುವ ಜಾಗ) ಇಟ್ಟಿದ್ದೆ. ಡೀಬಗ್ ಆಫ್ ಮಾಡಿದರೆ ಪ್ರಿಂಟ್ ಹೋಯಿತು, ವೇರಿಯಬಲ್ ಅನಾಥವಾಯಿತು. ಈಗ ಇಫ್‌ಡೆಫ್ ತೆಗೆದು, ಡೀಬಗ್ ಅನ್ನು 0 ಅಥವಾ 1 ಮಾಡಿ, ಸಾಮಾನ್ಯ ಇಫ್ ಒಳಗೆ ಪ್ರಿಂಟ್ ಇಟ್ಟೆ. ಕಂಪೈಲರ್ ಕಣ್ಣಿಗೆ ಬಳಕೆ ಕಾಣುತ್ತದೆ, 0 ಇದ್ದಾಗ ಆ ಕೋಡನ್ನು ತಾನೇ ಬಿಡುತ್ತದೆ. ಇನ್ನೊಂದು ಲಾಭ, ಡೀಬಗ್ ಆಫ್ ಇದ್ದಾಗಲೂ ಆ ಸಾಲುಗಳನ್ನು ಕಂಪೈಲರ್ ಓದಿ ನೋಡುತ್ತದೆ. ತಿಂಗಳುಗಟ್ಟಲೆ ಬಿಟ್ಟು ಆನ್ ಮಾಡಿದಾಗ ಎರರ್ ಸುರಿಯುವುದಿಲ್ಲ.

ನಿಜವಾಗಿಯೂ ಕಸ ಇದ್ದವು ಒಂಬತ್ತು. ಅಳಿಸಿದೆ. ಇವುಗಳಿಂದ ಮೆಮೊರಿ ಉಳಿಯುತ್ತದೆ ಎಂದು ನಂಬಿದ್ದೆ. ಅಳಿಸುವ ಮುಂಚೆ, ಅಳಿಸಿದ ಮೇಲೆ ಸೈಜ್ ನೋಡಿದರೆ ಒಂದು ಬೈಟ್ ವ್ಯತ್ಯಾಸ ಇಲ್ಲ. ಫಂಕ್ಷನ್ ಒಳಗಿನ ಬಳಸದ ವೇರಿಯಬಲ್ಲನ್ನು ಕಂಪೈಲರ್‌ನ ಆಪ್ಟಿಮೈಸರ್ ಯಾವಾಗಲೋ ತೆಗೆದು ಹಾಕಿರುತ್ತದೆ. ಮೆಮೊರಿ ತಿನ್ನುವವು ಬೇರೆ, ಅವುಗಳ ಬಗ್ಗೆ ವಾರ್ನಿಂಗೇ ಬರುವುದಿಲ್ಲ! ಫೈಲ್‌ನ ಮೇಲ್ಭಾಗದಲ್ಲಿ 200 ಬೈಟ್‌ನ ಒಂದು ಲಾಗ್ ಅರೇ (ಬೆಲೆಗಳ ಸಾಲು) ಇತ್ತು. ಯಾರೂ ಬಳಸುತ್ತಿರಲಿಲ್ಲ. ಆದರೆ ಅದು ಗ್ಲೋಬಲ್. ಬೇರೆ ಫೈಲ್‌ನವರು ಯಾರಾದರೂ ಬಳಸಬಹುದು ಎಂದು ಕಂಪೈಲರ್ ಸುಮ್ಮನಿರುತ್ತದೆ. ಈ ಫೈಲ್‌ಗೆ ಮಾತ್ರ ಎಂದು ಹೇಳುವ ‘ಸ್ಟ್ಯಾಟಿಕ್’ ಅನ್ನು ಅದರ ಮುಂದೆ ಹಾಕಿದೆ. ತಕ್ಷಣ ವಾರ್ನಿಂಗ್ ಬಂತು. ಈ ಚಿಪ್‌ನಲ್ಲಿ ಇರುವುದೇ 2048 ಬೈಟ್ ರ್ಯಾಮ್. ಹತ್ತರಲ್ಲಿ ಒಂದು ಪಾಲು ಸುಮ್ನೆ ಬಾಡಿಗೆಗೆ ಹೋಗಿತ್ತು. ಹಾಗಾಗಿ ನನ್ನ ಅಭಿಪ್ರಾಯ: ಇನ್ನೊಂದು ಫೈಲ್‌ಗೆ ಬೇಕಾಗದ ಎಲ್ಲ ಗ್ಲೋಬಲ್‌ಗಳಿಗೂ, ಫಂಕ್ಷನ್‌ಗಳಿಗೂ ಮೊದಲು ಸ್ಟ್ಯಾಟಿಕ್ ಹಾಕಿ. ಆಮೇಲೆ ವಾರ್ನಿಂಗ್ ಎಣಿಸಿ.

ಗಡಿಯಾರದ ಚಿಪ್ ಓದುವ ಕಡೆ ಒಂದು ಇತ್ತು. ‘ಸರಿ’ ಎಂಬ ವೇರಿಯಬಲ್‌ಗೆ ಓದುವ ಫಂಕ್ಷನ್‌ನ ಉತ್ತರ ಹಾಕಿದ್ದೆ, ನೋಡಿರಲಿಲ್ಲ. ಇಲ್ಲಿ ವಾಯ್ಡ್ ಹಾಕಿದರೆ ವಾರ್ನಿಂಗ್ ಹೋಗುತ್ತದೆ, ತಪ್ಪು ಉಳಿಯುತ್ತದೆ. ವೈರ್ ಸಡಿಲಾಗಿ ಓದದಿದ್ದರೂ ಹಳೆಯ ಸಮಯವನ್ನೇ ತೋರಿಸುತ್ತಿತ್ತು. ಈಗ ಓದದಿದ್ದರೆ ಎಲ್‌ಸಿಡಿಯಲ್ಲಿ ಅಡ್ಡಗೆರೆ ಬರುತ್ತದೆ.

ಎಲ್‌ಸಿಡಿಯ ಲೈಬ್ರರಿ ನನ್ನದಲ್ಲ, ಎಲ್ಲಿಂದಲೋ ತಂದದ್ದು. ಅದನ್ನು ಮುಟ್ಟಲಿಲ್ಲ. ಆ ಒಂದು ಫೈಲ್‌ಗೆ ಮಾತ್ರ ಬೇರೆ ಫ್ಲ್ಯಾಗ್ ಕೊಟ್ಟೆ.

ಹೀಗೆ ಗದ್ದಲ ಇಳಿಯುತ್ತಾ ಬಂತು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಉಳಿದವು. ಮೂರನೆಯದು ಸೆಟ್ಟಿಂಗ್ ಲೋಡ್ ಮಾಡುವ ಫಂಕ್ಷನ್‌ನಲ್ಲಿ. ‘ಲಿಮಿಟ್’ ಎಂಬ ವೇರಿಯಬಲ್ ಬಳಸಿಲ್ಲ.

ಲಿಮಿಟ್ ಬಳಸಿಲ್ಲವಾ? ಇಡೀ ಡಬ್ಬಿ ಇರುವುದೇ ಅದಕ್ಕೆ!

ಫೈಲ್‌ನ ಮೇಲೆ ಹೀಗಿತ್ತು:

ಸ್ಟ್ಯಾಟಿಕ್ ಅನ್‌ಸೈನ್ಡ್ ಇಂಟ್ ಲಿಮಿಟ್ = 100;

ಲೋಡ್ ಫಂಕ್ಷನ್ ಒಳಗೆ ಹೀಗಿತ್ತು:

ಅನ್‌ಸೈನ್ಡ್ ಇಂಟ್ ಲಿಮಿಟ್ = ಈಪ್ರಾಮ್_ರೀಡ್_ವರ್ಡ್(ಲಿಮಿಟ್_ಜಾಗ);

ಒಳಗಿನ ಸಾಲಿನ ಮುಂದೆ ‘ಅನ್‌ಸೈನ್ಡ್ ಇಂಟ್’ ಇದೆ ನೋಡಿ. ಅದು ಇದ್ದ ಕಾರಣ ಇದು ಹೊರಗಿನ ಲಿಮಿಟ್ ಅಲ್ಲ, ಅದೇ ಹೆಸರಿನ ಹೊಸ ಲಿಮಿಟ್. ಈಪ್ರಾಮ್‌ನಿಂದ 160 ಬಂತು, ಹೊಸದರಲ್ಲಿ ಕೂತಿತು, ಫಂಕ್ಷನ್ ಮುಗಿದ ಕೂಡಲೇ ಮಾಯವಾಯಿತು. ಹೊರಗಿನದು 100 ಆಗಿಯೇ ಉಳಿಯಿತು. 100 ಅಂದರೆ 5 ಆಂಪ್ಸ್. ಬಟನ್ ಒತ್ತಿದಾಗ ಹೊರಗಿನದು ಬದಲಾಗುತ್ತಿತ್ತು, ಈಪ್ರಾಮ್‌ಗೂ ಹೋಗುತ್ತಿತ್ತು. ಹಾಗಾಗಿ ಕರೆಂಟ್ ಇರುವವರೆಗೆ ಎಲ್ಲ ಸರಿ. ಮನೆಯ ಮೇಜಿನ ಮೇಲೆ ಟೆಸ್ಟ್ ಮಾಡುವಾಗ ನಾನು ಯಾವತ್ತೂ ಪವರ್ ತೆಗೆದು ಹಾಕಿ ನೋಡಿರಲಿಲ್ಲ.

ಅನ್‌ಸೈನ್ಡ್ ಇಂಟ್ ಎಂಬ ಎರಡು ಪದ ಅಳಿಸಿದೆ. ಅಷ್ಟೇ ರಿಪೇರಿ. ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕೆಪಾಸಿಟರ್, ಚಿಪ್, ಗಾಂಧಿ ಚೌಕದ ಓಡಾಟ, ಆ ರಿವೈಂಡಿಂಗ್ ಬಿಲ್ ಎಲ್ಲ ಕಣ್ಣ ಮುಂದೆ ಬಂದವು.

ಒಂದು ಮಾತು. ಒಳಗಿನ ಲಿಮಿಟ್ಟನ್ನು ಅಲ್ಲೇ ಎಲ್‌ಸಿಡಿಗೆ ತೋರಿಸಿದ್ದರೆ ಈ ವಾರ್ನಿಂಗೂ ಬರುತ್ತಿರಲಿಲ್ಲ, ಯಾಕೆಂದರೆ ಆಗ ಅದು ಬಳಕೆಯಾದಂತೆ. ಹೆಸರಿನ ಮೇಲೆ ಹೆಸರು ಕೂತರೆ ಹೇಳಲು ‘ಡಬ್ಲ್ಯೂ ಶ್ಯಾಡೋ’ ಎಂಬ ಬೇರೆಯೇ ಫ್ಲ್ಯಾಗ್ ಇದೆ. ಅದು ಆಲ್‌ನಲ್ಲೂ ಇಲ್ಲ, ಎಕ್ಸ್‌ಟ್ರಾದಲ್ಲೂ ಇಲ್ಲ. ಕೈಯಾರೆ ಹಾಕಬೇಕು. ಹಾಕಿದೆ. ಇನ್ನೆರಡು ಕಡೆ ಅದೇ ತಪ್ಪು ಸಿಕ್ಕಿತು. ಅವು ಅಪಾಯದವು ಆಗಿರಲಿಲ್ಲ.

ಸಂಜೆ ಬೈಕ್ ಮೇಲೆ ಪಡಕ್ಕೆ ಹೋಗಿ ಹೊಸ ಕೋಡ್ ಹಾಕಿದೆ. ಕಾಕಾ ಪಕ್ಕದಲ್ಲೇ ನಿಂತಿದ್ದರು. ಮೋಟರ್ ಚಾಲೂ ಮಾಡಿದೆವು. ಐದು ಸೆಕೆಂಡ್ ಓಡಿ ಬಂದ್ ಆಯಿತು. ಮತ್ತೆ ಚಾಲೂ, ಮತ್ತೆ ಬಂದ್.

"ಮೊದಲ ಛಲೋ ಇತ್ತಲ್ಲೋ" ಅಂದರು ಕಾಕಾ.

ಎಲ್‌ಸಿಡಿ ನೋಡಿದರೆ ಲಿಮಿಟ್ ಸಾವಿರಾರು ಆಂಪ್ಸ್ ತೋರಿಸುತ್ತಿತ್ತು. ಈ ಸಲ ತಲೆ ಬೇಗ ಓಡಿತು. ಪ್ರೋಗ್ರಾಮರ್‌ನಿಂದ ಹೊಸ ಕೋಡ್ ಹಾಕುವಾಗ ಮೊದಲು ಚಿಪ್ ಅಳಿಸುತ್ತದೆ. ಈಪ್ರಾಮ್ ಉಳಿಸು ಎಂಬ ಫ್ಯೂಸ್ (ಚಿಪ್ ಒಳಗಿನ ಒಂದು ಸೆಟ್ಟಿಂಗ್) ಹಾಕಿರದಿದ್ದರೆ ಅದೂ ಅಳಿಯುತ್ತದೆ. ಅಳಿದ ಈಪ್ರಾಮ್ ಓದಿದರೆ 65535 ಬರುತ್ತದೆ. ಮೋಟರ್ ಎಷ್ಟೇ ಎಳೆದರೂ ಅದಕ್ಕಿಂತ ಕಡಿಮೆಯೇ, ಹಾಗಾಗಿ ನೀರಿಲ್ಲ ಎಂದೇ ಡಬ್ಬಿಯ ತೀರ್ಮಾನ. ಹಿಂದೆ ಚಿಪ್ ಬದಲಿಸಿದಾಗಲೂ ಈಪ್ರಾಮ್ ಖಾಲಿಯೇ ಇದ್ದಿರಬೇಕು. ಓದಿದ ಬೆಲೆಯನ್ನು ಯಾರೂ ಬಳಸುತ್ತಿರಲಿಲ್ಲವಾದ್ದರಿಂದ ಅಂದು ತೊಂದರೆ ಕಾಣಲಿಲ್ಲ. ಒಂದು ತಪ್ಪು ಇನ್ನೊಂದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿತ್ತು.

ಬಾವಿಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಎರಡು ಸಾಲು ಸೇರಿಸಿದೆ. ಓದಿದ ಬೆಲೆ 60ಕ್ಕಿಂತ ಕಡಿಮೆ ಅಥವಾ 300ಕ್ಕಿಂತ ಜಾಸ್ತಿ ಇದ್ದರೆ ಅದನ್ನು ಬಿಟ್ಟು 160 ತೆಗೆದುಕೊ. ಡಿಫಾಲ್ಟ್ ಕೂಡ 100ರಿಂದ 160 ಮಾಡಿದೆ. ಇದನ್ನು ಮೊದಲೇ ಮಾಡಿದ್ದರೂ ಆ ಮೋಟರ್ ಉಳಿಯುತ್ತಿತ್ತು. ಈಪ್ರಾಮ್ ಉಳಿಸುವ ಫ್ಯೂಸೂ ಹಾಕಿದೆ. ಕಾಕಾ ಬಟನ್ ಒತ್ತಿ ತಮ್ಮ 8 ಹಾಕಿದರು. ಮೇನ್ ಸ್ವಿಚ್ ತೆಗೆದು ಹಾಕಿದೆ. 8. ಮತ್ತೆ ತೆಗೆದು ಹಾಕಿದೆ. 8. ಕಾಕಾ ನಂಬದೆ ತಾವೇ ಮೂರು ಸಲ ಮಾಡಿ ನೋಡಿದರು.

ಮೇಕ್‌ಫೈಲ್‌ನಲ್ಲಿ ಈಗ ‘ಆಲ್’, ‘ಎಕ್ಸ್‌ಟ್ರಾ’, ‘ಶ್ಯಾಡೋ’ ಮೂರೂ ಇವೆ. ಬಳಸದ ವೇರಿಯಬಲ್‌ನಂಥ ಒಂದು ವಾರ್ನಿಂಗ್ ಕಂಡರೂ ಕಂಪೈಲ್ ಆಗುವುದನ್ನೇ ನಿಲ್ಲಿಸುವ ‘ಡಬ್ಲ್ಯೂ ಎರರ್’ ಹಾಕುವುದೋ ಬೇಡವೋ ಎಂದು ತುಸು ಯೋಚಿಸಿದೆ. ಅರ್ಧ ಬರೆದ ಕೋಡನ್ನು ಓಡಿಸಿ ನೋಡುವ ಅಭ್ಯಾಸ ನನಗೆ. ಆಗ ವೇರಿಯಬಲ್‌ಗಳು ಖಾಲಿ ಇರುವುದು ಸಹಜ. ಪ್ರತಿ ಸಲ ಅಡ್ಡಿಯಾದರೆ ಸಿಟ್ಟು ಬಂದು ಮತ್ತೆ ಆ ಸಣ್ಣ ಡಬ್ಲ್ಯೂ ಹಾಕುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಹಾಗಾಗಿ ಡಬ್ಬಿಗೆ ಹಾಕುವ ಕೊನೆಯ ಬಿಲ್ಡ್‌ಗೆ ಮಾತ್ರ ಅದನ್ನು ಇಟ್ಟಿದ್ದೇನೆ.

ಮೂರು ವಾರದ ನಂತರ, ಮೇ ತಿಂಗಳ ಒಂದು ರಾತ್ರಿ ಎರಡು ಗಂಟೆಗೆ ಫೋನ್ ಬಂತು.

"ತಮ್ಮಾ, ಡಬ್ಬಿ ಮತ್ತ ಕೆಟ್ಟೈತಿ. ಕರೆಂಟ್ ಐತಿ, ಮೋಟರ್ ತಾನ ಬಂದ್ ಆಗೇತಿ. ಫೋನಿಗೆ ಏನೋ ಇಂಗ್ಲಿಷ್‌ನ್ಯಾಗ ಬಂದೈತಿ."

"ಡ್ರೈ ರನ್ ಅಂತ ಬಂದಿರಬೇಕು ಕಾಕಾ. ಬೋರ್‌ನ್ಯಾಗ ನೀರ ಇಲ್ಲ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಹಂಗಂದ್ರ ಛಲೋನ ಐತೇನು?"

"ಛಲೋ ಐತಿ. ಮಲ್ಕೋರಿ."